ಕೊರಿಯಾದಲ್ಲಿ ಒಂದು ಮೊಬೈಲ್ ನಂಬರ್, ಮೂರು ಹೆಸರು: ಒಂದು ಪ್ರಕರಣ ಅಧ್ಯಯನ

ನವೆಂಬರ್‌ನ ಒಂದು ಸಂಜೆ ಆ ಹುಡುಗ ಫೋನ್ ಮಾಡಿದ. ದನಿ ಸಣ್ಣಗಿತ್ತು. "ಅಕ್ಕ, ಹಾಸ್ಟೆಲ್ ಫೀಸ್ ಕಟ್ಟೋಕೆ ಇವತ್ತು ರಾತ್ರಿನೇ ಕೊನೆ. ನಿಮ್ಮ ಅಕೌಂಟಿಂದ ಕಟ್ತೀರಾ? ದುಡ್ಡು ನನ್ನ ಹತ್ರ ಇದೆ. ಕಳಿಸೋಕೆ ಆಗ್ತಿಲ್ಲ."

ನಾನು ಕಟ್ಟಿದೆ. ಅದೇನೂ ದೊಡ್ಡ ವಿಷಯವಲ್ಲ. ಆದರೆ ಬ್ಯಾಂಕಿನಲ್ಲಿ ದುಡ್ಡಿದೆ, ಕೈಯಲ್ಲಿ ಫೋನಿದೆ, ಫೋನಿನಲ್ಲಿ ಸಿಮ್ ಇದೆ. ಆದರೂ ಅವನು ಇನ್ನೊಬ್ಬರ ಹತ್ತಿರ ಹೀಗೆ ಕೇಳಬೇಕಾಯಿತಲ್ಲ, ಅದು ನನ್ನನ್ನು ಕೊರೆಯಿತು. ಮರುದಿನದಿಂದ ಇಬ್ಬರೂ ಕೂತು ತೊಂದರೆ ಎಲ್ಲಿದೆ ಎಂದು ಹುಡುಕಲು ಶುರು ಮಾಡಿದೆವು. ಮೂರು ವಾರ ಹಿಡಿಯಿತು. ಅಲ್ಲಿ ನಡೆದದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಹುಡುಗನ ಹೆಸರು, ಮೊಬೈಲ್ ಕಂಪನಿ, ಬ್ಯಾಂಕು ಯಾವುದೆಂದು ಹೇಳುವುದಿಲ್ಲ. ಆ ಹೆಸರುಗಳಿಲ್ಲದೆಯೂ ವಿಷಯ ಅರ್ಥವಾಗುತ್ತದೆ.

ಹುಡುಗ ಕರ್ನಾಟಕದ ಒಂದು ಸಣ್ಣ ಊರಿನವನು. ದಕ್ಷಿಣ ಕೊರಿಯಾದ ದೇಜಾನ್ ನಗರಕ್ಕೆ ಸ್ನಾತಕೋತ್ತರ ಓದಿಗೆ ಬಂದವನು. ವೀಸಾ ಡಿ-2, ಅಂದರೆ ಪದವಿ ಓದುವ ವಿದ್ಯಾರ್ಥಿಗಳಿಗೆ ಕೊಡುವುದು. ನಾನು ಇದೇ ಊರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಕನ್ನಡದವರು ಕಡಿಮೆ. ಹೊಸಬರು ಬಂದರೆ ಯಾರೋ ಒಬ್ಬರು ನನ್ನ ನಂಬರ್ ಕೊಟ್ಟಿರುತ್ತಾರೆ.

ಈ ಕಥೆಯಲ್ಲಿ ಅವನ ಹೆಸರಿನ ರಚನೆ ಮುಖ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನದು ಎರಡು ಇನಿಷಿಯಲ್ ಮತ್ತು ಒಂದು ಹೆಸರು. ನಮ್ಮಲ್ಲಿ ಎಷ್ಟೋ ಜನರದ್ದು ಹಾಗೇ ಅಲ್ವಾ? ಮೊದಲ ಇನಿಷಿಯಲ್ ಊರಿನದು, ಎರಡನೆಯದು ಅಪ್ಪನದು. ಭಾರತದ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಊರಿನ ಹೆಸರು, ಅಪ್ಪನ ಹೆಸರು, ಕೊನೆಗೆ ಅವನ ಹೆಸರು, ಮೂರೂ ಒಟ್ಟಿಗೆ 'ಗಿವನ್ ನೇಮ್' ಕಾಲಂನಲ್ಲಿ ಕೂತಿವೆ. 'ಸರ್‌ನೇಮ್' ಕಾಲಂ ಖಾಲಿ. ಇಂಗ್ಲಿಷಿನಲ್ಲಿ ಎಣಿಸಿದರೆ 31 ಅಕ್ಷರ, ನಡುವೆ ಎರಡು ಖಾಲಿ ಜಾಗ. ಪಾಸ್‌ಪೋರ್ಟ್‌ನ ಕೆಳಗೆ ಯಂತ್ರ ಓದುವ ಸಾಲು ಇರುತ್ತದಲ್ಲ, ಅದರಲ್ಲಿ ಹೆಸರಿಗೆ 39 ಜಾಗ ಇದೆ. ಅಂದರೆ ಪಾಸ್‌ಪೋರ್ಟಿಗೆ ಅವನ ಹೆಸರು ಉದ್ದವಾಗಿರಲಿಲ್ಲ. ಪೂರ್ತಿ ಹಿಡಿಸಿತ್ತು.

ಕೊರಿಯನ್ನರ ಹೆಸರು ಅವರ ಹ್ಯಾಂಗುಲ್ ಲಿಪಿಯಲ್ಲಿ ಸಾಮಾನ್ಯವಾಗಿ ಮೂರೇ ಅಕ್ಷರದ್ದು. ಮನೆತನದ ಹೆಸರು ಒಂದು, ಸ್ವಂತ ಹೆಸರು ಎರಡು. ನಡುವೆ ಖಾಲಿ ಜಾಗ ಬಿಡುವುದಿಲ್ಲ. ಇಲ್ಲಿನ ಫಾರಂಗಳು, ಕಂಪ್ಯೂಟರ್‌ಗಳು ಎಷ್ಟೋ ವರ್ಷದಿಂದ ಆ ಮೂರು ಅಕ್ಷರಕ್ಕೆ ಒಗ್ಗಿಕೊಂಡಿವೆ.

ಫೋನ್ ಎಂದರೆ ಗುರುತಿನ ಚೀಟಿ

ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಇದು ಅರ್ಥವಾಗಿರಲಿಲ್ಲ. ಕೊರಿಯಾದಲ್ಲಿ ಮೊಬೈಲ್ ನಂಬರ್ ಬರೀ ಮಾತಾಡುವುದಕ್ಕೆ ಅಲ್ಲ. ನೀವು ನೀವೇ ಎಂದು ತೋರಿಸುವುದೇ ಅದು. ಬ್ಯಾಂಕಿನ ಆ್ಯಪ್ ಹಾಕಿಕೊಳ್ಳಲು, ಸಾಮಾನು ತರಿಸಲು, ಸರ್ಕಾರಿ ಕಾಗದ ಪಡೆಯಲು ಮೊದಲು 'ಬೋನಿನ್ ಇನ್‌ಜುಂಗ್' ಆಗಬೇಕು. ಅಂದರೆ ಸ್ವಂತ ಗುರುತಿನ ದೃಢೀಕರಣ. ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ, ಕೊರಿಯನ್ನೋ ವಿದೇಶಿಯೋ, ಯಾವ ಮೊಬೈಲ್ ಕಂಪನಿ, ನಂಬರ್ ಎಷ್ಟು, ಇಷ್ಟನ್ನು ತುಂಬಬೇಕು. ಅದು ಕಂಪನಿಯ ದಾಖಲೆಗೆ ಹೋಗಿ ಹೋಲಿಕೆಯಾಗುತ್ತದೆ. ಎಲ್ಲವೂ ಅಕ್ಷರಕ್ಕೆ ಅಕ್ಷರ ಕೂಡಿಬಂದರೆ ಮಾತ್ರ ಆರು ಅಂಕಿಯ ಕೋಡ್ ಬರುತ್ತದೆ. ಮೂರು ದೊಡ್ಡ ಕಂಪನಿಗಳು ಸೇರಿ ನಡೆಸುವ 'ಪಾಸ್' ಎಂಬ ಆ್ಯಪ್‌ನಲ್ಲೂ ಇದೇ ಕೆಲಸ ಆಗುತ್ತದೆ.

ಇದು ಹೀಗೆ ಬೆಳೆಯಲು ಕಾರಣವಿದೆ. ಇಲ್ಲಿ ಪ್ರತಿ ಪ್ರಜೆಗೂ ನಿವಾಸಿ ನೋಂದಣಿ ಸಂಖ್ಯೆ ಇದೆ. 1968ರಲ್ಲಿ ಶುರುವಾದದ್ದು, ಈಗ 13 ಅಂಕಿ. ಒಂದು ಕಾಲದಲ್ಲಿ ಯಾವ ಜಾಲತಾಣಕ್ಕೆ ಹೋದರೂ ಅದನ್ನೇ ಕೇಳುತ್ತಿದ್ದರು. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ಎಂಬ ಎರಡು ತಾಣಗಳಿಂದ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. ದೇಶದ ಜನಸಂಖ್ಯೆಯೇ ಆಗ ಸುಮಾರು 5 ಕೋಟಿ. 2012ರ ಆಗಸ್ಟ್‌ನಿಂದ ತಾಣಗಳು ಆ ಸಂಖ್ಯೆಯನ್ನು ಸುಮ್ನೆ ಕೇಳಿ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಆ ಜಾಗಕ್ಕೆ ಬಂದದ್ದು ಮೊಬೈಲ್. ಕೊರಿಯನ್ನರಿಗೆ ಇದು ಸಲೀಸು. ಒಂದು ನಿಮಿಷದ ಕೆಲಸ. ಆ ಒಂದು ನಿಮಿಷ ಯಾರಿಗೆ ಸಿಗುವುದಿಲ್ಲವೋ ಅವರಿಗೆ ಈ ದೇಶದ ಅರ್ಧ ಬಾಗಿಲುಗಳು ತೆರೆಯುವುದೇ ಇಲ್ಲ.

ಆಗಸ್ಟ್‌ನಿಂದ ನವೆಂಬರ್‌ವರೆಗೆ

ಹುಡುಗ ಆಗಸ್ಟ್ ಕೊನೆಯಲ್ಲಿ ಬಂದ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸಿ ಪ್ರೀಪೇಯ್ಡ್ ಸಿಮ್ ತಗೊಂಡ. ಮಾತು, ಡೇಟಾ ಎಲ್ಲ ಚೆನ್ನಾಗಿತ್ತು. ದೃಢೀಕರಣ ಮಾತ್ರ ಆಗಲಿಲ್ಲ. ಪಾಸ್‌ಪೋರ್ಟ್ ಮೇಲೆ ಕೊಡುವ ಅಂಥ ಸಿಮ್‌ಗಳು ಬೋನಿನ್ ಇನ್‌ಜುಂಗ್‌ಗೆ ಬರುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ನಿವಾಸಿ ಕಾರ್ಡ್, ಅಂದರೆ ನೋಂದಣಿಯಾದ ವಿದೇಶಿಯರಿಗೆ ಕೊಡುವ ಗುರುತಿನ ಕಾರ್ಡ್, ಬಂದ ಮೇಲೆ ಸರಿಯಾಗುತ್ತದೆ ಎಂದು ಎಲ್ಲರೂ ಹೇಳಿದ್ದರು, ಅವನೂ ಕಾದ.

90 ದಿನಕ್ಕಿಂತ ಹೆಚ್ಚು ಇರುವ ವಿದೇಶಿಯರು ಬಂದ 90 ದಿನದೊಳಗೆ ನೋಂದಣಿ ಮಾಡಿಸಬೇಕು. 'ಹೈಕೊರಿಯಾ' ತಾಣದಲ್ಲಿ ದಿನ ಕಾದಿರಿಸಿ, ವಲಸೆ ಕಚೇರಿಗೆ ಹೋಗಿ, ಬೆರಳಚ್ಚು ಕೊಟ್ಟು ಬಂದ. ಅಕ್ಟೋಬರ್ ಮೊದಲ ವಾರ ಕಾರ್ಡ್ ಕೈಗೆ ಬಂತು. ಅದೇ ದಿನ ಕ್ಯಾಂಪಸ್ ಎದುರಿನ ಒಂದು ಮೊಬೈಲ್ ಏಜೆನ್ಸಿ ಅಂಗಡಿಗೆ ಹೋಗಿ ಪೋಸ್ಟ್‌ಪೇಯ್ಡ್ ಸಂಪರ್ಕ ಮಾಡಿಸಿದ. ಅಂಗಡಿಯವನು ಕಾರ್ಡ್ ನೋಡಿ ಟೈಪ್ ಮಾಡಿದ, ಇವನು ಸಹಿ ಹಾಕಿದ. ಹತ್ತು ನಿಮಿಷದಲ್ಲಿ ಸಿಮ್ ಚಾಲೂ ಆಯಿತು. ಎಡವಟ್ಟಾದದ್ದು ಆ ಹತ್ತು ನಿಮಿಷದಲ್ಲೇ.

ಆ ರಾತ್ರಿ ಬ್ಯಾಂಕಿನ ಆ್ಯಪ್‌ನಲ್ಲಿ ಪ್ರಯತ್ನಿಸಿದ. 'ನೀವು ಕೊಟ್ಟ ಮಾಹಿತಿ ಹೊಂದುತ್ತಿಲ್ಲ' ಎಂದು ಬಂತು. ಯಾವುದು ಹೊಂದುತ್ತಿಲ್ಲ ಎಂದು ಹೇಳುವುದಿಲ್ಲ. ಇನ್ನೊಂದು ಸಲ ಹಾಕಿದ. ಎಲ್ಲ ಕ್ಯಾಪಿಟಲ್‌ನಲ್ಲಿ ಹಾಕಿದ. ಖಾಲಿ ಜಾಗ ಬಿಟ್ಟು, ಬಿಡದೆ, ತನ್ನ ಹೆಸರು ಮೊದಲು ಬರೆದು, ಅಪ್ಪನ ಹೆಸರು ಮೊದಲು ಬರೆದು. ಕೆಲವು ಸಲ ತಪ್ಪಿದ ಮೇಲೆ ಆವತ್ತಿಗೆ ಪ್ರಯತ್ನಕ್ಕೂ ಅವಕಾಶ ಇಲ್ಲ ಎಂದಿತು. ಮರುದಿನ ಮತ್ತೆ ಅದೇ. ಹೀಗೆ ಒಂದು ತಿಂಗಳು. ಎಷ್ಟು ಬಗೆ ಬರೆದೆ ಎಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದ. ಆ ಪುಟ ತೋರಿಸಿದಾಗ ನನಗೆ ಸಂಕಟವಾಯಿತು. ತನ್ನ ಹೆಸರನ್ನೇ ಹದಿನೇಳು ಥರ ಬರೆದಿದ್ದ.

ಈ ನಡುವೆ ಒಂದೊಂದೇ ತೊಂದರೆ ಗಂಟುಬಿತ್ತು. ಅವನ ಬ್ಯಾಂಕ್ ಖಾತೆ ಹೊಸಬರಿಗೆ ಕೊಡುವ ಮಿತಿ ಖಾತೆ. ದಿನಕ್ಕೆ ಇಷ್ಟೇ ಕಳಿಸಬಹುದು ಎಂದಿರುತ್ತದೆ. ಹಾಸ್ಟೆಲ್ ಫೀಸ್ ಅದಕ್ಕಿಂತ ಜಾಸ್ತಿ. ಬ್ಯಾಂಕು ಸಂಜೆ 4ಕ್ಕೆ ಮುಚ್ಚುತ್ತದೆ, ಅವನು ಆ ಹೊತ್ತಿಗೆ ಲ್ಯಾಬ್‌ನಲ್ಲಿ. 2021ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಕಡ್ಡಾಯ. ಅದರ ಆ್ಯಪ್‌ಗೆ ಹೋದರೂ ಮೊದಲು ದೃಢೀಕರಣ. ಸಾಮಾನು ತರಿಸುವ ತಾಣಗಳಲ್ಲೂ ಅಷ್ಟೇ. ಲ್ಯಾಬ್‌ನ ಗೆಳೆಯರು ಅವನಿಗಾಗಿ ಎಲ್ಲವನ್ನೂ ತಮ್ಮ ಹೆಸರಲ್ಲಿ ತರಿಸಿ ಕೊಡುತ್ತಿದ್ದರು. ಒಳ್ಳೆಯವರು. ಆದರೆ ಒಂದು ಜೊತೆ ಚಪ್ಪಲಿಗೂ ಇನ್ನೊಬ್ಬರನ್ನು ಕೇಳುವುದು ಎಷ್ಟು ಕಷ್ಟ ಎಂದು ಕೇಳಿದವರಿಗೇ ಗೊತ್ತು.

ಒಬ್ಬ ಹಿರಿಯ ವಿದ್ಯಾರ್ಥಿ ಸುಲಭದ ದಾರಿ ಹೇಳಿದ್ದನಂತೆ. ತನ್ನ ಹೆಸರಿನಲ್ಲಿ ಇನ್ನೊಂದು ಸಿಮ್ ತೆಗೆದು ಕೊಡುತ್ತೇನೆ, ಅದನ್ನೇ ಬಳಸು ಎಂದು. ನಾನು ಕೇಳಿದ ತಕ್ಷಣ ಬೇಡ ಎಂದೆ. ಬೇರೆಯವರ ಹೆಸರಿನ ಸಂಪರ್ಕ ಕೊಡುವುದು, ತಗೊಳ್ಳುವುದು ಇಲ್ಲಿ ಕಾನೂನಿನ ಪ್ರಕಾರ ತಪ್ಪು. ವಂಚನೆ ಕರೆಗಳಿಗೆ ಅಂಥ ನಂಬರ್‌ಗಳೇ ಬಳಕೆಯಾಗುವುದರಿಂದ ಅದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ವೀಸಾ ಮೇಲೆ ಇರುವವರು ಅದರ ಹತ್ತಿರವೂ ಹೋಗಬಾರದು.

ದಾಖಲೆಯಲ್ಲಿ ಏನಿತ್ತು

ಮೊದಲು ನಮ್ಮ ಅನುಮಾನ ಹೋದದ್ದು ಸಂಖ್ಯೆಯ ಮೇಲೆ. ವಿದೇಶಿಯರ ನೋಂದಣಿ ಸಂಖ್ಯೆಯೂ 13 ಅಂಕಿಯದೇ. ಮೊದಲ ಆರು ಹುಟ್ಟಿದ ದಿನ. ಏಳನೆಯದು ಬೇರೆ ಕಥೆ ಹೇಳುತ್ತದೆ. 1900ರಿಂದ 1999ರವರೆಗೆ ಹುಟ್ಟಿದ ವಿದೇಶಿ ಗಂಡಸರಿಗೆ 5, ಹೆಂಗಸರಿಗೆ 6. 2000ದಿಂದ ಈಚೆಗೆ ಹುಟ್ಟಿದವರಿಗೆ 7 ಮತ್ತು 8. ಕೊರಿಯನ್ನರಿಗೆ ಅದು 1ರಿಂದ 4ರವರೆಗೆ. ಇವನದು 7. ಅಂಗಡಿಯವನು ಅದನ್ನು ತಪ್ಪಾಗಿ ಹಾಕಿರಬಹುದು ಎಂದುಕೊಂಡೆವು. ಮೊಬೈಲ್‌ನಿಂದ 114ಕ್ಕೆ ಕರೆ ಮಾಡಿದರೆ ಕಂಪನಿಯ ಗ್ರಾಹಕ ಸೇವೆ ಸಿಗುತ್ತದೆ. ಕೇಳಿದೆವು. ಸಂಖ್ಯೆ ಸರಿಯಾಗಿತ್ತು.

ಹೆಸರು ಹೇಗಿದೆ ಎಂದು ಕೇಳಿದರೆ ಫೋನ್‌ನಲ್ಲಿ ಹೇಳಲಾಗದು ಎಂದರು. ಖಾಸಗಿ ಮಾಹಿತಿ ಅಲ್ವಾ, ಅದು ನ್ಯಾಯವೇ. ಕಂಪನಿಯ ಆ್ಯಪ್‌ನಲ್ಲಿ ನೋಡಿದರೆ ಹೆಸರಿನ ನಡುವಿನ ಅಕ್ಷರಗಳಿಗೆಲ್ಲ ನಕ್ಷತ್ರ ಹಾಕಿ ಮುಚ್ಚಿತ್ತು. ಕೊನೆಗೆ ಏಜೆನ್ಸಿ ಅಂಗಡಿಗೇ ಹೋಗಿ, ಸಂಪರ್ಕ ಇವನ ಹೆಸರಲ್ಲಿದೆ ಎಂಬುದಕ್ಕೆ ಒಂದು ದೃಢೀಕರಣ ಪತ್ರ ಮುದ್ರಿಸಿ ಕೊಡಿ ಎಂದು ಕೇಳಿದೆವು. ಅದು ಬಂದ ಮೇಲೆ ಎಲ್ಲ ಬಯಲಾಯಿತು.

ಖಾಲಿ ಜಾಗ ಒಂದೂ ಇರಲಿಲ್ಲ. ಊರಿನ ಹೆಸರಿಗೆ ಅಪ್ಪನ ಹೆಸರು ಅಂಟಿಕೊಂಡಿತ್ತು. ಅದರ ಹಿಂದೆ ಅವನ ಹೆಸರಿನ ಮೊದಲ ಎರಡು ಅಕ್ಷರ. ಅಲ್ಲಿಗೆ ನಿಂತಿತ್ತು. ಊರಿತ್ತು, ಅಪ್ಪ ಇದ್ದರು, ಅವನೇ ಇರಲಿಲ್ಲ. ಹುಡುಗ ಆ ಕಾಗದವನ್ನು ತುಂಬ ಹೊತ್ತು ನೋಡುತ್ತ ನಿಂತ. ಹದಿನೇಳು ಬಗೆಯಲ್ಲಿ ಇದೊಂದು ಬಗೆ ಅವನಿಗೆ ಹೊಳೆದಿರಲಿಲ್ಲ. ಯಾರಿಗೆ ಹೊಳೆದೀತು, ತನ್ನ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಬರೆಯಬೇಕು ಎಂದು?

ಅಂಗಡಿಯಲ್ಲೇ ಆ ಅರ್ಧ ಹೆಸರನ್ನು ಹಾಗೇ ಹಾಕಿ ನೋಡಿದೆವು. ಕೋಡ್ ಬಂತು! ಒಂದು ಕ್ಷಣ ಖುಷಿಯಾಯಿತು. ಬ್ಯಾಂಕಿನ ಆ್ಯಪ್‌ಗೆ ಹೋದರೆ ಈಗ ಬೇರೆ ತಕರಾರು. ದೃಢೀಕರಣವಾದ ಹೆಸರು ಖಾತೆದಾರನ ಹೆಸರಿಗೆ ಹೊಂದುತ್ತಿಲ್ಲ. ಸಹಜ. ಬ್ಯಾಂಕಿನಲ್ಲಿ ಹೆಸರು ಇನ್ನೊಂದು ಥರ ಇತ್ತು. ಖಾತೆ ತೆರೆದದ್ದು ಸೆಪ್ಟೆಂಬರ್‌ನಲ್ಲಿ, ಕಾರ್ಡ್ ಬರುವ ಮೊದಲು, ಪಾಸ್‌ಪೋರ್ಟ್ ನಂಬರ್ ಮೇಲೆ. ಸರ್‌ನೇಮ್ ಖಾಲಿ ಇದ್ದದ್ದರಿಂದ ಬ್ಯಾಂಕಿನಾಕೆ ಕೊನೆಯ ಪದವನ್ನೇ ಮನೆತನದ ಹೆಸರು ಎಂದು ತಿಳಿದು ಮುಂದೆ ಹಾಕಿದ್ದರು. ಕಾರ್ಡ್‌ನಲ್ಲಿ ಒಂದು, ಕಂಪನಿಯಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು. ಒಬ್ಬನೇ ಹುಡುಗ, ಕಂಪ್ಯೂಟರ್ ಕಣ್ಣಿಗೆ ಮೂವರು.

ಅರ್ಧ ಹೆಸರು ಹಾಕಿ ಸುಧಾರಿಸಿಕೊಂಡು ಹೋಗುವವರು ಇಲ್ಲಿ ಬಹಳ ಜನ ಇದ್ದಾರೆ. ಕಂಪನಿಯಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆದರಾಯಿತು ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ದಾರಿ. ತಪ್ಪು ಹೆಸರಿನಲ್ಲಿ ತೆರೆದ ಪ್ರತಿ ಖಾತೆಯೂ ಮುಂದೆ ಇನ್ನೊಂದು ಗಂಟು. ಕೆಲಸ ಸಿಕ್ಕಿದಾಗ, ಬಾಡಿಗೆ ಮನೆ ಹಿಡಿದಾಗ, ಆ ಗಂಟುಗಳನ್ನೆಲ್ಲ ಒಟ್ಟಿಗೆ ಬಿಚ್ಚಬೇಕಾಗುತ್ತದೆ. ಎಲ್ಲವನ್ನೂ ನಿವಾಸಿ ಕಾರ್ಡ್‌ನಲ್ಲಿ ಇದ್ದ ಹಾಗೆ ಮಾಡಿಸೋಣ ಎಂದೆ. ಅವನು ಒಪ್ಪಿದ.

ಸರಿಪಡಿಸಿದ್ದು

ಏಜೆನ್ಸಿಯಲ್ಲಿ ಹೆಸರು ಸರಿಮಾಡಿ ಎಂದಾಗ ದೊಡ್ಡ ಗೊಂದಲವಾಯಿತು. ಅಂಗಡಿಯವನು ದಾಖಲೆ ನೋಡಿದ, ಕಾರ್ಡ್ ನೋಡಿದ. ಎರಡೂ ಬೇರೆ ಹೆಸರು. "ಈ ಸಂಪರ್ಕದ ಮಾಲೀಕರು ಎಲ್ಲಿ? ಅವರೂ ಬರಬೇಕು" ಎಂದ. ಕೊರಿಯನ್‌ನಲ್ಲಿ 'ಮ್ಯಂಗಿ ಬ್ಯನ್‌ಗ್ಯಂಗ್' ಎಂದರೆ ಸಂಪರ್ಕವನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವುದು. ನಾನು ಹೆಸರು ಬದಲಾವಣೆ ಎಂದು ಹೇಳಲು ಹೋಗಿ ಅದೇ ಮಾತನ್ನು ಬಳಸಿದ್ದೆ. ಅದಕ್ಕೆ ಇಬ್ಬರೂ ಹಾಜರಿರಬೇಕು, ಅಥವಾ ಇಬ್ಬರ ಕಾಗದವೂ ಬೇಕು. ನಮಗೆ ಬೇಕಿದ್ದದ್ದು ಗ್ರಾಹಕರ ಮಾಹಿತಿಯ ತಿದ್ದುಪಡಿ. ಒಂದು ಪದ ತಪ್ಪಿದ್ದಕ್ಕೆ ಅರ್ಧ ದಿನ ಹೋಯಿತು. ಹುಡುಗ ತನ್ನ ಎದೆ ಮುಟ್ಟಿಕೊಂಡು "ಇದೂ ನಾನೇ, ಅದೂ ನಾನೇ" ಎಂದು ಹರುಕುಮುರುಕು ಕೊರಿಯನ್‌ನಲ್ಲಿ ಹೇಳುತ್ತಿದ್ದ. ಅದನ್ನು ನಾನು ಮರೆಯುವುದಿಲ್ಲ.

ಏಜೆನ್ಸಿಯಲ್ಲಿ ಆಗುವುದಿಲ್ಲ, ಕಂಪನಿ ನೇರವಾಗಿ ನಡೆಸುವ ಶಾಖೆಗೆ ಹೋಗಿ ಎಂದರು. ಇದು ತಿಳಿದಿರಬೇಕಾದ ವಿಷಯ. ಹೊಸ ಸಂಪರ್ಕ ಕೊಡಲು ಬೀದಿಗೊಂದು ಏಜೆನ್ಸಿ ಇರುತ್ತದೆ. ಆದರೆ ದಾಖಲೆ ತಿದ್ದುವ ಅಧಿಕಾರ ಎಲ್ಲರಿಗೂ ಇರುವುದಿಲ್ಲ.

ಶಾಖೆಗೆ ಹೋಗುವ ಮೊದಲು ಸ್ವಲ್ಪ ಸಿದ್ಧತೆ ಮಾಡಿದೆವು. ವಲಸೆ ವಿಷಯಗಳಿಗೆ 1345 ಎಂಬ ಸಹಾಯವಾಣಿ ಇದೆ, ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ. ಅಲ್ಲಿ ಕೇಳಿ, ಅವರ ದಾಖಲೆಯಲ್ಲಿ ಹೆಸರಿನ ಪದಗಳು ಯಾವ ಕ್ರಮದಲ್ಲಿವೆ, ನಡುವೆ ಜಾಗ ಎಲ್ಲೆಲ್ಲಿದೆ ಎಂದು ಖಚಿತ ಮಾಡಿಕೊಂಡೆವು. ವಿದೇಶಿ ನೋಂದಣಿ ದೃಢೀಕರಣ ಪತ್ರ ಎಂಬುದೊಂದಿದೆ, ಸ್ಥಳೀಯ ಕಚೇರಿಯಲ್ಲೂ ಕೊಡುತ್ತಾರೆ. ಅದನ್ನು ತಗೊಂಡೆವು. ಆಮೇಲೆ ನಾನು ಒಂದು ಗೀಟು ಹಾಳೆಯಲ್ಲಿ ಚೌಕಗಳನ್ನು ಹಾಕಿ, ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರದಂತೆ ಅವನ ಹೆಸರು ಬರೆದೆ. ಖಾಲಿ ಜಾಗ ಬರುವಲ್ಲಿ ಚೌಕವನ್ನು ಖಾಲಿ ಬಿಟ್ಟು ಅದಕ್ಕೆ ಕೆಂಪು ಗೀಟು ಎಳೆದೆ. ಒಟ್ಟು 33 ಚೌಕ. ಕಾರ್ಡ್‌ನಲ್ಲಿ ಅಕ್ಷರ ಸಣ್ಣದು, ಜಾಗ ಇದೆಯೋ ಇಲ್ಲವೋ ಎಂದು ಟೈಪ್ ಮಾಡುವವರಿಗೆ ಗೊತ್ತಾಗುವುದಿಲ್ಲ. ಈ ಹಾಳೆಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಶಾಖೆಯ ಹೆಣ್ಣುಮಗಳು ತಾಳ್ಮೆಯಿಂದ ಕೇಳಿದರು. ಹಾಳೆ ನೋಡಿ ಅವರಿಗೆ ಕೂಡಲೇ ವಿಷಯ ತಿಳಿಯಿತು. ಅವರ ಪರದೆಯಲ್ಲೂ ಹೆಸರು ಅದೇ ಜಾಗದಲ್ಲಿ ನಿಂತುಬಿಟ್ಟಿತು. ಅವರು ಮುಖ್ಯ ಕಚೇರಿಗೆ ಫೋನ್ ಮಾಡಿ, ನಮ್ಮ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಳಿಸಿದರು. ಎರಡು ದಿನ ಬಿಟ್ಟು ಬನ್ನಿ ಎಂದರು. ಎರಡು ದಿನ ಬಿಟ್ಟು ಹೋದಾಗ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಇಬ್ಬರೂ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆವು. 31 ಅಕ್ಷರ, ಎರಡು ಖಾಲಿ ಜಾಗ. ಪೂರ್ತಿ ಬಂದಿತ್ತು. ಅಕ್ಟೋಬರ್‌ನಲ್ಲಿ ಆ ಏಜೆನ್ಸಿಯವನು ಸಹಿಗೆ ಮೊದಲು ಹೀಗೆ ಪರದೆ ತಿರುಗಿಸಿದ್ದರೆ ಒಂದೂವರೆ ತಿಂಗಳು ಉಳಿಯುತ್ತಿತ್ತು.

ಬ್ಯಾಂಕಿನ ಕೆಲಸ ಬೇಗ ಮುಗಿಯಿತು. ಪಾಸ್‌ಪೋರ್ಟ್ ನಂಬರ್ ತೆಗೆದು ನೋಂದಣಿ ಸಂಖ್ಯೆ ಹಾಕಿದರು, ಹೆಸರಿನ ಕ್ರಮ ತಿದ್ದಿದರು. ಕ್ರಮ ಮಾತ್ರ ಹೀಗೇ ಇರಬೇಕು: ಮೊದಲು ವಲಸೆ ದಾಖಲೆ ಖಚಿತ ಮಾಡಿಕೊಳ್ಳುವುದು, ಆಮೇಲೆ ಮೊಬೈಲ್, ಆಮೇಲೆ ಬ್ಯಾಂಕು. ಹಿಂದುಮುಂದಾದರೆ ಒಂದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಕೆಡುತ್ತದೆ.

ಎಲ್ಲವೂ ಬಗೆಹರಿಯಿತು ಎಂದು ಹೇಳಲಾರೆ. ಒಂದು ಶಾಪಿಂಗ್ ತಾಣ ಈಗಲೂ ಅವನ ಹೆಸರನ್ನು ಒಪ್ಪುವುದಿಲ್ಲ. ಅದರ ಹೆಸರಿನ ಕಾಲಂ ಖಾಲಿ ಜಾಗವನ್ನೇ ತಗೊಳ್ಳುವುದಿಲ್ಲ. ಇನ್ನೊಂದು ತಾಣದಲ್ಲಿ ಹ್ಯಾಂಗುಲ್ ಲಿಪಿ ಬಿಟ್ಟು ಬೇರೆ ಅಕ್ಷರ ಬರುವುದಿಲ್ಲ. ಅದು ಅವನ ಕೈಯಲ್ಲಿಲ್ಲ. 2024ರಲ್ಲಿ ಇಲ್ಲಿನ ಗೃಹ ಮತ್ತು ಸುರಕ್ಷತಾ ಸಚಿವಾಲಯ ವಿದೇಶಿಯರ ಹೆಸರನ್ನು ಸರ್ಕಾರಿ ಕಾಗದಗಳಲ್ಲಿ ಒಂದೇ ರೀತಿ ಬರೆಯಲು ನಿಯಮ ರೂಪಿಸಲು ಹೊರಟಿತು. ರೋಮನ್ ಲಿಪಿಯಾದರೆ ಎಲ್ಲ ದೊಡ್ಡಕ್ಷರ, ಮನೆತನದ ಹೆಸರು ಮೊದಲು, ನಡುವೆ ಜಾಗ. ಒಳ್ಳೆಯ ಹೆಜ್ಜೆ. ಆದರೆ ಮನೆತನದ ಹೆಸರೇ ಇಲ್ಲದ ನಮ್ಮಂಥವರನ್ನೂ ಖಾಸಗಿ ತಾಣಗಳು ನೆನಪಿಟ್ಟುಕೊಳ್ಳಬೇಕು. ಹೊಂದಿಕೊಳ್ಳಬೇಕಾದದ್ದು ಕಂಪ್ಯೂಟರಿನ ಕಾಲಂ, ಮನುಷ್ಯನ ಹೆಸರಲ್ಲ.

ಹುಡುಗನಿಗೆ ಇನ್ನೊಂದು ಮಾತು ಹೇಳಿದ್ದೇನೆ. ಪಾಸ್‌ಪೋರ್ಟ್ ನವೀಕರಿಸಿದರೆ 15 ದಿನದೊಳಗೆ ವಲಸೆ ಕಚೇರಿಗೆ ತಿಳಿಸಬೇಕು. ಆಗ ಹೆಸರಿನಲ್ಲಿ ಒಂದು ಜಾಗ ಆಚೀಚೆ ಆದರೂ ಈ ಸರಪಳಿಯನ್ನೆಲ್ಲ ಮತ್ತೆ ಮೊದಲಿಂದ ಹಿಡಿದುಕೊಂಡು ಬರಬೇಕಾಗುತ್ತದೆ. ಅವನು ಆ ಚೌಕದ ಹಾಳೆಯನ್ನು ಪಾಸ್‌ಪೋರ್ಟ್ ಕವರಿನೊಳಗೆ ಮಡಚಿ ಇಟ್ಟುಕೊಂಡಿದ್ದಾನೆ.

ಡಿಸೆಂಬರ್‌ನ ಒಂದು ರಾತ್ರಿ ಅವನ ಮೆಸೇಜ್ ಬಂತು. "ಅಕ್ಕ, ಕೋಡ್ ಬಂತು. ಬ್ಯಾಂಕ್ ಆ್ಯಪ್ ಓಪನ್ ಆಯ್ತು. ಮಿತಿನೂ ಜಾಸ್ತಿ ಮಾಡಿಸ್ದೆ." ಎರಡು ನಿಮಿಷದಲ್ಲಿ ನನ್ನ ಖಾತೆಗೆ ಹಾಸ್ಟೆಲ್ ಫೀಸಿನ ದುಡ್ಡು ಪೂರ್ತಿ ಬಂದು ಬಿತ್ತು. ಕಳಿಸಿದವರ ಹೆಸರು ತೋರಿಸುವ ಜಾಗ ನನ್ನ ಬ್ಯಾಂಕಿನಲ್ಲಿ ತುಂಬ ಕಿರಿದು. ಅಲ್ಲಿ ಅವನ ಊರಿನ ಹೆಸರಷ್ಟೇ ಕಾಣುತ್ತಿತ್ತು. "ಬಂತು ಕಣೋ" ಎಂದು ಉತ್ತರ ಬರೆದೆ.